ದನದ ಡಾಕ್ಟ್ರಾಗೋಕೆ ಮೊದಲು ಯಾವ ಡಿಗ್ರಿ? ಅಮೆರಿಕದ ಲೆಕ್ಕಾಚಾರ

ಹೋದ ವರ್ಷ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ನನ್ನ ಗೆಳೆಯನ ಮನೆಗೆ ಚನ್ನರಾಯಪಟ್ಟಣದಿಂದ ಅವನ ತಾಯಿ ಬಂದಿದ್ದರು. ಅವನ ಮಗಳು ಆಗ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಳು. ಪಶುವೈದ್ಯೆ ಆಗಬೇಕು ಅಂತ ಆರನೇ ಕ್ಲಾಸಿನಿಂದಲೂ ಹೇಳುತ್ತಾ ಬಂದವಳು. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಲೇಜಿನಲ್ಲಿ ಬಯಾಲಜಿ ತಗೋಬೇಕಾ, ಅನಿಮಲ್ ಸೈನ್ಸ್ ತಗೋಬೇಕಾ ಅಂತ ನಾವು ಮೂವರೂ ತಲೆ ಕೆಡಿಸಿಕೊಂಡಿದ್ದೆವು. ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಜ್ಜಿ ಸುಮಾರು ಹೊತ್ತು ಕೇಳಿಸಿಕೊಂಡರು. ಆಮೇಲೆ ತಡೆಯಲಾಗಲಿಲ್ಲ.

"ಅಲ್ಲ ಕಣಪ್ಪ, ನಮ್ಮೂರಿಗೆ ಬರೋ ದನದ ಡಾಕ್ಟ್ರು ಪಿಯುಸಿ ಆದ್ಮೇಲೆ ಸೀದಾ ಹೆಬ್ಬಾಳಕ್ಕೆ ಹೋಗಿ ಓದ್ಕೊಂಡು ಬಂದೋರು. ಇವ್ಳಿಗ್ಯಾಕೆ ಎರಡೆರಡು ಡಿಗ್ರಿ?"

ಸರಿಯಾದ ಪ್ರಶ್ನೆ. ನಮ್ಮಲ್ಲಿ ಪಿಯುಸಿಯಲ್ಲಿ ವಿಜ್ಞಾನ ಓದಿ, ಪ್ರವೇಶ ಪರೀಕ್ಷೆ ಬರೆದು, ರ‍್ಯಾಂಕ್ ಬಂದರೆ ನೇರವಾಗಿ ಬಿವಿಎಸ್ಸಿ ಅಂಡ್ ಎಎಚ್. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗ, ಎಲ್ಲಿ ಸೀಟು ಸಿಕ್ಕಿದರೂ ಕೋರ್ಸು ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. 17, 18ನೇ ವಯಸ್ಸಿಗೆ ಒಳಗೆ ಹೋದರೆ 23, 24ಕ್ಕೆ ಡಾಕ್ಟ್ರು.

ಅಮೆರಿಕದಲ್ಲಿ ಪಶುವೈದ್ಯಕೀಯ ಅನ್ನೋದು ಡಿಗ್ರಿಯ ಮೇಲಿನ ಡಿಗ್ರಿ. ಡಿವಿಎಂ ಅಂತಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಮಾತ್ರ ತನ್ನದು ವಿಎಂಡಿ ಅನ್ನುತ್ತದೆ, ಓದು ಒಂದೇ. ಅದು ನಾಲ್ಕು ವರ್ಷ. ಅದಕ್ಕೆ ಮೊದಲು ಕಾಲೇಜಿನಲ್ಲಿ ಸಾಮಾನ್ಯವಾಗಿ ಇನ್ನೊಂದು ನಾಲ್ಕು ವರ್ಷ. ಆ ಮೊದಲಿನ ನಾಲ್ಕು ವರ್ಷದಲ್ಲಿ ಏನು ಓದಬೇಕು ಅನ್ನುವುದೇ ಇಲ್ಲಿನ ತಂದೆತಾಯಿಗಳ ತಲೆನೋವು.

ಮೊದಲು ಒಂದು ತಪ್ಪು ತಿಳಿವಳಿಕೆ ಪಕ್ಕಕ್ಕಿಡೋಣ. "ಪ್ರೀ-ವೆಟ್" ಅನ್ನೋದು ಬಹುತೇಕ ಕಡೆ ಡಿಗ್ರಿಯೇ ಅಲ್ಲ. ಅದೊಂದು ಹಣೆಪಟ್ಟಿ ಅಷ್ಟೇ. ಈ ವಿದ್ಯಾರ್ಥಿ ಮುಂದೆ ವೆಟ್ ಸ್ಕೂಲಿಗೆ, ಅಂದರೆ ಪಶುವೈದ್ಯ ಕಾಲೇಜಿಗೆ, ಅರ್ಜಿ ಹಾಕುವವಳು ಅಂತ ಕಾಲೇಜಿನವರು ಗುರುತು ಮಾಡಿಕೊಂಡು, ಸಲಹೆ ಕೊಡಲು ಒಬ್ಬ ಅಡ್ವೈಸರನ್ನು ನೇಮಿಸುತ್ತಾರೆ. ಕೈಗೆ ಬರುವ ಪದವಿ ಮಾತ್ರ ಬಯಾಲಜಿಯದೋ, ಅನಿಮಲ್ ಸೈನ್ಸಿನದೋ, ಇನ್ನೊಂದರದೋ ಆಗಿರುತ್ತದೆ. "ನಮ್ಮ ಮಗನಿಗೆ ಪ್ರೀ-ವೆಟ್‌ನಲ್ಲಿ ಸೀಟು ಸಿಕ್ಕಿದೆ" ಅಂದರೆ ವೆಟ್ ಸ್ಕೂಲಿನ ಬಾಗಿಲು ಅರ್ಧ ತೆರೆದಿದೆ ಅಂತ ಅಲ್ಲ.

ಇನ್ನೊಂದು ವಿಷಯ ಕೇಳಿದರೆ ನಮ್ಮವರಿಗೆ ನಂಬಿಕೆಯೇ ಬರುವುದಿಲ್ಲ. ವೆಟ್ ಸ್ಕೂಲುಗಳು ಇಂಥದ್ದೇ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಓದಿರಬೇಕು ಅಂತ ಕೇಳುವುದಿಲ್ಲ. ಸಂಗೀತ ಓದಿ ಬಂದರೂ ಸರಿ, ಗಣಿತ ಓದಿ ಬಂದರೂ ಸರಿ. ಅವರು ಕೇಳುವುದು ಒಂದಷ್ಟು ಪೇಪರ್‌ಗಳನ್ನು. ಬರುವ ಮೊದಲೇ ಇವಿಷ್ಟನ್ನು ಓದಿ, ಕನಿಷ್ಠ ಇಷ್ಟು ಗ್ರೇಡ್ ತೆಗೆದಿರಬೇಕು ಅನ್ನುವ ಪಟ್ಟಿ ಅದು. ಇದಕ್ಕೆ ಪ್ರೀರಿಕ್ವಿಸಿಟ್ ಅನ್ನುತ್ತಾರೆ. ಹಾಗಾಗಿ ಮೇಜರ್ ಯಾವುದು ಅಂತ ಶುರು ಮಾಡುವುದು ತಲೆಕೆಳಗಿನ ದಾರಿ. ಪಟ್ಟಿಯಿಂದ ಶುರು ಮಾಡಬೇಕು.

ಆವತ್ತು ನಾವು ಮಾಡಿದ್ದು ಅದನ್ನೇ. ಒಂದು ಸ್ಪ್ರೆಡ್‌ಶೀಟ್ ತೆರೆದೆವು. ಎಡಗಡೆ ಪೇಪರ್‌ಗಳ ಹೆಸರು, ಮೇಲುಗಡೆ ಅವಳಿಗೆ ಇಷ್ಟವಾದ ಆರು ವೆಟ್ ಸ್ಕೂಲುಗಳ ಹೆಸರು. ಒಂದೊಂದು ಸ್ಕೂಲಿನ ಪಟ್ಟಿ ಓದಿ ಗುರುತು ಹಾಕುತ್ತಾ ಹೋದೆವು. ಅರ್ಧ ಗಂಟೆಯಲ್ಲಿ ಚಿತ್ರ ಮೂಡಿತು. ಮೇಲಿನ ಕೆಲವು ಸಾಲುಗಳು ಪೂರ್ತಿ ತುಂಬಿದ್ದವು: ಲ್ಯಾಬ್ ಸಮೇತ ಬಯಾಲಜಿ, ಲ್ಯಾಬ್ ಸಮೇತ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್. ಕೆಳಗೆ ಇಳಿದಂತೆ ಗುರುತುಗಳು ಚದುರಿದವು. ಜೆನೆಟಿಕ್ಸ್ ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಮೈಕ್ರೋಬಯಾಲಜಿಯೂ ಹಾಗೇ, ಫಿಸಿಯಾಲಜಿಯೂ ಹಾಗೇ. ಒಬ್ಬರು ಆರ್ಗ್ಯಾನಿಕ್ ಒಂದು ಸೆಮಿಸ್ಟರ್ ಸಾಕು ಅಂದರೆ, ಇನ್ನೊಬ್ಬರಿಗೆ ಎರಡು ಬೇಕು. ಕೆಲವರು ಪ್ರಾಣಿಗಳ ಆಹಾರದ ಬಗ್ಗೆ ಒಂದು ಪೇಪರ್ ಕೇಳುತ್ತಾರೆ. ಕೆಲವರು ಸಭೆಯಲ್ಲಿ ಮಾತಾಡುವುದನ್ನು ಕಲಿಸುವ ಪೇಪರ್ ಕೇಳುತ್ತಾರೆ! ಯಾಕೆ ಅಂತ ಹುಡುಗಿ ಕೇಳಿದಳು. ಅಜ್ಜಿ ಥಟ್ಟನೆ ಹೇಳಿದರು, "ಹಸು ಮಾತಾಡಲ್ಲವಲ್ಲ, ಯಜಮಾನನ ಹತ್ರ ತಾನೇ ಮಾತಾಡ್ಬೇಕು."

ಪಟ್ಟಿಯಲ್ಲಿ ಕಾಣದ ಷರತ್ತುಗಳೂ ಇರುತ್ತವೆ. ಹಳೆಯ ಪೇಪರ್‌ಗಳಿಗೆ ಕೆಲವು ಸ್ಕೂಲುಗಳಲ್ಲಿ ಅವಧಿ ಇದೆ. ಇಷ್ಟು ವರ್ಷಕ್ಕಿಂತ ಹಿಂದೆ ಓದಿದ್ದರೆ ಮತ್ತೆ ಓದಬೇಕು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಕ್ರೆಡಿಟ್ಟನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಬಯೋಕೆಮಿಸ್ಟ್ರಿಯನ್ನು ಮೇಲಿನ ಹಂತದ ಕೋರ್ಸಾಗಿಯೇ ಓದಿರಬೇಕು ಅನ್ನುವವರೂ ಇದ್ದಾರೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಯಾರೋ ಅಣ್ಣನೋ ಅಕ್ಕನೋ ಹೇಳಿದ್ದನ್ನು ನೆಚ್ಚಿಕೊಂಡು ಕೂರದೆ ಪ್ರತಿವರ್ಷ ಆಯಾ ಸ್ಕೂಲಿನ ಪುಟವನ್ನೇ ನೋಡಬೇಕು.

ಈ ಪಟ್ಟಿಯ ಬೆನ್ನೆಲುಬು ಕೆಮಿಸ್ಟ್ರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಡವುವುದು ಜಾಸ್ತಿ ಇಲ್ಲೇ.

ಕೆಮಿಸ್ಟ್ರಿ ಏಣಿ ಇದ್ದ ಹಾಗೆ. ಜನರಲ್ ಕೆಮಿಸ್ಟ್ರಿ ಒಂದು ಆಗದೆ ಎರಡಕ್ಕೆ ಹೋಗುವಂತಿಲ್ಲ. ಎರಡು ಆಗದೆ ಆರ್ಗ್ಯಾನಿಕ್ ಇಲ್ಲ. ಆರ್ಗ್ಯಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ. ಆರ್ಗ್ಯಾನಿಕ್ ಎರಡು ಸೆಮಿಸ್ಟರ್ ಅಂತ ಹಿಡಿದರೆ ಒಟ್ಟು ಐದು ಮೆಟ್ಟಿಲು, ಒಂದೊಂದಕ್ಕೂ ಒಂದು ಸೆಮಿಸ್ಟರ್. ಮೊದಲ ವರ್ಷದ ಮೊದಲ ಸೆಮಿಸ್ಟರಿನಲ್ಲೇ ಹತ್ತಲು ಶುರು ಮಾಡಿದರೆ ಮೂರನೇ ವರ್ಷದ ಮೊದಲ ಸೆಮಿಸ್ಟರಿನಲ್ಲಿ ಬಯೋಕೆಮಿಸ್ಟ್ರಿ ಮುಗಿಯುತ್ತದೆ. ಈಗ ಅರ್ಜಿಯ ತಾರೀಕು ನೋಡಿ. ಹೆಚ್ಚಿನ ವೆಟ್ ಸ್ಕೂಲುಗಳಿಗೆ ಒಂದೇ ಕಡೆ, ವಿಎಂಕ್ಯಾಸ್ ಅನ್ನುವ ವ್ಯವಸ್ಥೆಯಲ್ಲಿ ಅರ್ಜಿ. ಟೆಕ್ಸಾಸ್ ಎ ಅಂಡ್ ಎಂ ಥರದವರದು ಬೇರೆ ದಾರಿ. ವಿಎಂಕ್ಯಾಸ್ ಅರ್ಜಿಯ ಕೊನೆಯ ದಿನ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬರುತ್ತದೆ. ಅಂದರೆ ಡಿಗ್ರಿ ಮುಗಿಸಿದ ಕೂಡಲೇ ವೆಟ್ ಸ್ಕೂಲು ಸೇರಬೇಕಿದ್ದರೆ, ನಾಲ್ಕನೇ ವರ್ಷದ ಕ್ಲಾಸುಗಳು ಶುರುವಾಗುತ್ತಿದ್ದಂತೆಯೇ ಅರ್ಜಿ ಕಳಿಸಿರಬೇಕು.

"ಮೊದಲ ವರ್ಷ ಆರಾಮಾಗಿ ಹೊಂದಿಕೊಳ್ಳಲಿ, ಕೆಮಿಸ್ಟ್ರಿ ಮುಂದಿನ ವರ್ಷ ನೋಡೋಣ" ಅಂತ ಬಿಟ್ಟರೆ ಬಯೋಕೆಮಿಸ್ಟ್ರಿ ನಾಲ್ಕನೇ ವರ್ಷಕ್ಕೆ ಬಂದು ನಿಲ್ಲುತ್ತದೆ. ಅರ್ಜಿ ಹಾಕುವಾಗ ಆ ಜಾಗದಲ್ಲಿ ಗ್ರೇಡ್ ಇರುವುದಿಲ್ಲ, "ಓದುತ್ತಿದ್ದೇನೆ" ಅಂತ ಮಾತ್ರ ಇರುತ್ತದೆ. ಇನ್ನೂ ಮುಗಿಯದ ಪೇಪರ್ ಇಷ್ಟೇ ಇರಬಹುದು ಅಂತ ಕೆಲವು ಸ್ಕೂಲುಗಳು ಮಿತಿಯನ್ನೂ ಹಾಕುತ್ತವೆ. ಬಯಾಲಜಿ ಅಥವಾ ಬಯೋಕೆಮಿಸ್ಟ್ರಿ ಮೇಜರ್ ತಗೊಂಡವರಿಗೆ ಈ ಏಣಿ ಹೇಗೂ ಡಿಗ್ರಿಯ ಒಳಗೇ ಇರುತ್ತದೆ. ಇಂಗ್ಲಿಷ್ ಸಾಹಿತ್ಯ ಓದುವ ಹುಡುಗ ಅದನ್ನು ತನ್ನ ಡಿಗ್ರಿಯ ಪಕ್ಕದಲ್ಲಿ ಬೇರೆಯಾಗಿ ಹತ್ತಬೇಕು. ಹತ್ತಬಾರದು ಅಂತ ಏನಿಲ್ಲ. ಆದರೆ ಲ್ಯಾಬುಗಳು ಮಧ್ಯಾಹ್ನ ಮೂರು ಮೂರು ಗಂಟೆ ನುಂಗುತ್ತವೆ. ನಾಲ್ಕು ವರ್ಷದಲ್ಲಿ ಎರಡನ್ನೂ ತೂಗಿಸುವುದು ಬಿಗಿಯಾಗುತ್ತದೆ.

ಹಾಗಾದರೆ ಬಯಾಲಜಿಯೋ, ಅನಿಮಲ್ ಸೈನ್ಸೋ? ಆ ಬೇಸಿಗೆಯಲ್ಲೇ ನಾನು ಕಂಡ ಒಂದು ಬೆಳಗಿನ ಮಾತು ಹೇಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಊರಿನಿಂದ ನಲವತ್ತು ನಿಮಿಷ ದೂರದ ಒಂದು ಡೈರಿಗೆ ವಾರಕ್ಕೊಮ್ಮೆ ಪಶುವೈದ್ಯೆ ಬರುತ್ತಿದ್ದರು. ಜೊತೆಗಿದ್ದು ನೋಡಲು ಹುಡುಗಿಗೆ ಒಪ್ಪಿಗೆ ಸಿಕ್ಕಿತ್ತು. ಅವಳ ಕಾರು ಗ್ಯಾರೇಜಿನಲ್ಲಿದ್ದ ಒಂದು ದಿನ ನಾನು ಕರೆದುಕೊಂಡು ಹೋದೆ. ಬೆಳಿಗ್ಗೆ ಆರೂವರೆ. ಸಾಲಾಗಿ ನಿಂತ ಹೋಲ್‌ಸ್ಟೀನ್ ಹಸುಗಳು, ನಮ್ಮ ಕಡೆ ಎಚ್‌ಎಫ್ ಅಂತಾರಲ್ಲ, ಅವೇ. ಡಾಕ್ಟರು ಭುಜದವರೆಗೂ ಬರುವ ಪ್ಲಾಸ್ಟಿಕ್ ಗ್ಲೌಸ್ ಎಳೆದುಕೊಂಡು ಜಾರುಕ ಸವರಿಕೊಂಡರು. ಒಂದೊಂದೇ ಹಸುವಿನ ಹಿಂದೆ ನಿಂತು, ಗುದದ್ವಾರದೊಳಗೆ ಕೈ ಹಾಕಿ, ಸಗಣಿ ಹೊರಗೆ ತೆಗೆದು, ಕರುಳಿನ ಗೋಡೆಯ ಈಚೆಯಿಂದಲೇ ಗರ್ಭಕೋಶವನ್ನು ಬೆರಳಲ್ಲಿ ಹುಡುಕುತ್ತಿದ್ದರು. ಕಣ್ಣು ಮಾತ್ರ ಎಲ್ಲೋ ದೂರಕ್ಕೆ ನೆಟ್ಟಿರುತ್ತಿತ್ತು. ಸುಮಾರು 35 ದಿನದ ಗಬ್ಬವಾದರೆ ಒಳಗಿನ ತೆಳು ಪೊರೆ ಬೆರಳ ನಡುವೆ ಜಾರುವುದು ಗೊತ್ತಾಗುತ್ತದೆ ಅಂತ ಅವರೇ ವಿವರಿಸಿದರು. "ಗಬ್ಬ." "ಇಲ್ಲ." "ಗಬ್ಬ, ನಲವತ್ತು ದಿನ." ಒಂದು ಹಸುವಿಗೆ ಒಂದು ನಿಮಿಷವೂ ಆಗುತ್ತಿರಲಿಲ್ಲ. ಈಗ ತುಂಬಾ ಕಡೆ ಇದಕ್ಕೆ ಅಲ್ಟ್ರಾಸೌಂಡ್ ಬಂದಿದೆ. ಆದರೂ ಕೈಯ ಲೆಕ್ಕ ಬಿಟ್ಟುಹೋಗಿಲ್ಲ.

ಅನಿಮಲ್ ಸೈನ್ಸ್ ಓದಿದರೆ ಈ ಲೋಕ ನಿಮಗೆ ಡಿಗ್ರಿಯಲ್ಲೇ ಸಿಗುತ್ತದೆ. 1862ರ ಮೊರಿಲ್ ಕಾಯ್ದೆಯಿಂದಾಗಿ ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಕೃಷಿ ಕಲಿಸುವ ವಿಶ್ವವಿದ್ಯಾಲಯಗಳು ಬೆಳೆದವು. ಅವಕ್ಕೆ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯ ಅಂತ ಹೆಸರು. ಅಯೋವಾ ಸ್ಟೇಟ್, ಕಾನ್ಸಸ್ ಸ್ಟೇಟ್, ಪರ್ಡ್ಯೂ, ಟೆಕ್ಸಾಸ್ ಎ ಅಂಡ್ ಎಂ, ಕಾರ್ನೆಲ್, ವಿಸ್ಕಾನ್ಸಿನ್ ಇವೆಲ್ಲ ಆ ಗುಂಪಿನವೇ. ಇಂಥ ಕಡೆ ಸ್ವಂತ ದನದ ಕೊಟ್ಟಿಗೆ, ಹಂದಿ ಮನೆ, ಕುರಿ ಹಿಂಡು ಇರುತ್ತವೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ, ಹಿಂಡಿ ಜಾಸ್ತಿಯಾದರೆ ಯಾಕೆ ಹೊಟ್ಟೆ ಕೆಡುತ್ತದೆ, ಹಸು ಬೆದೆಗೆ ಬಂದದ್ದು ತಿಳಿಯುವುದು ಹೇಗೆ ಅನ್ನುವುದೆಲ್ಲ ಪಾಠದಲ್ಲೇ ಇರುತ್ತದೆ. ಎಷ್ಟೋ ಕಡೆ ಸಂತಾನೋತ್ಪತ್ತಿಯ ಲ್ಯಾಬಿನಲ್ಲಿ ಆ ಉದ್ದ ಗ್ಲೌಸನ್ನು ವಿದ್ಯಾರ್ಥಿಗಳೇ ಹಾಕಿಕೊಳ್ಳುತ್ತಾರೆ. ನಗರದಲ್ಲಿ ಬೆಳೆದು, ಮನೆಯ ನಾಯಿಯೊಂದನ್ನು ಬಿಟ್ಟು ಬೇರೆ ಪ್ರಾಣಿ ಮುಟ್ಟದ ಮಕ್ಕಳಿಗೆ ಇದು ದೊಡ್ಡ ಲಾಭ.

ಬಯಾಲಜಿಯ ಬಲ ಬೇರೆ ಕಡೆ. ಜೀವಕೋಶ, ಜೀನ್, ರೋಗನಿರೋಧಕ ಶಕ್ತಿ ಇವುಗಳ ತಳಪಾಯ ಗಟ್ಟಿಯಾಗುತ್ತದೆ. ಎಲ್ಲ ಕಾಲೇಜುಗಳಲ್ಲೂ ಇರುವ ವಿಷಯ, ಹಾಗಾಗಿ ಮನೆ ಹತ್ತಿರದ ಕಾಲೇಜಿನಲ್ಲೇ ಓದಬಹುದು. ನಡುವೆ ಮನಸ್ಸು ಬದಲಾದರೆ ಮನುಷ್ಯರ ವೈದ್ಯಕೀಯಕ್ಕೋ ಸಂಶೋಧನೆಗೋ ತಿರುಗುವುದೂ ಸಲೀಸು. ಬಯೋಕೆಮಿಸ್ಟ್ರಿಯೂ ಹೀಗೇ, ಇನ್ನೂ ಸ್ವಲ್ಪ ಕಠಿಣ.

ನನ್ನನ್ನು ಕೇಳಿದರೆ, ದೊಡ್ಡ ಪ್ರಾಣಿಗಳ ಕಡೆ ಒಲವಿದ್ದರೆ ಅನಿಮಲ್ ಸೈನ್ಸ್. ಏನೂ ಖಚಿತವಿಲ್ಲದಿದ್ದರೆ ಬಯಾಲಜಿ ಓದಿ, ಪ್ರಾಣಿಗಳ ಅನುಭವವನ್ನು ಹೊರಗಡೆ ಸಂಪಾದಿಸುವುದು. ಬೇರೆ ಯಾವುದೋ ವಿಷಯದ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಅದನ್ನೇ ಓದಲಿ, ಕೆಮಿಸ್ಟ್ರಿ ಏಣಿಯನ್ನು ಮಾತ್ರ ಮೊದಲ ದಿನದಿಂದ ಹತ್ತಲಿ. ಬಯೋಕೆಮಿಸ್ಟ್ರಿ ಕೇಳೋಕೆ ಘನವಾಗಿದೆ ಅಂತ ಇಷ್ಟವಿಲ್ಲದ ಮಗುವಿನ ತಲೆಗೆ ಕಟ್ಟುವುದು ಮಾತ್ರ ಬೇಡ. ಅದಕ್ಕೆ ಕಾರಣ ಜಿಪಿಎ, ಅಂದರೆ ಎಲ್ಲ ಗ್ರೇಡ್‌ಗಳ ಸರಾಸರಿ.

ಅಮೆರಿಕದಲ್ಲಿ ಮಾನ್ಯತೆ ಪಡೆದ ವೆಟ್ ಸ್ಕೂಲುಗಳು 30ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಹಾಕುವವರು ವರ್ಷಕ್ಕೆ ಸುಮಾರು 10 ಸಾವಿರ. ಬಹಳಷ್ಟು ಕಡೆ ಸೀಟು ಸಿಕ್ಕವರ ಸರಾಸರಿ ಜಿಪಿಎ ನಾಲ್ಕಕ್ಕೆ 3.5ರ ಮೇಲೇ ಇರುತ್ತದೆ. ಇಲ್ಲೊಂದು ಒಳಸುಳಿ ಇದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಬ್ಬಳಿಗೆ ಸಿ ಬಂತು ಅನ್ನಿ, ಅಂದರೆ 2 ಅಂಕ. ಮತ್ತೆ ಓದಿ ಎ ತೆಗೆದಳು, ಅಂದರೆ 4. ಅವಳ ಕಾಲೇಜು ಹಳೆಯದನ್ನು ಮರೆತು 4 ಅಂತಲೇ ತೋರಿಸಬಹುದು. ಆದರೆ ವಿಎಂಕ್ಯಾಸ್ ಮರೆಯುವುದಿಲ್ಲ. ಎರಡು ಸಲದ ಗ್ರೇಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸರಾಸರಿ 3. ಹೆಸರಿಗೆ ಕಷ್ಟದ ಮೇಜರ್ ತಗೊಂಡು 3.1 ತರುವುದಕ್ಕಿಂತ, ಇಷ್ಟಪಟ್ಟು ಓದುವ ಮೇಜರ್‌ನಲ್ಲಿ 3.7 ತರುವುದು ಎಷ್ಟೋ ವಾಸಿ. ಮೊದಲ ವರ್ಷ ಮುಗ್ಗರಿಸಿದವರಿಗೂ ದಾರಿ ಮುಚ್ಚಿಲ್ಲ. ಕೊನೆಯ 45 ಕ್ರೆಡಿಟ್‌ಗಳ, ಅಂದರೆ ಸುಮಾರು ಕೊನೆಯ ಮೂರು ಸೆಮಿಸ್ಟರ್‌ಗಳ, ಗ್ರೇಡನ್ನು ಬೇರೆಯಾಗಿ ನೋಡುವ ಸ್ಕೂಲುಗಳಿವೆ.

ಅಂಕ ಒಂದೇ ಸಾಲದು. ಅರ್ಜಿಯಲ್ಲಿ ಗಂಟೆಗಳ ಲೆಕ್ಕ ಕೇಳುತ್ತಾರೆ, ಅದೂ ಎರಡು ಖಾತೆಯಲ್ಲಿ. ಪಶುವೈದ್ಯರ ಕೈಕೆಳಗೆ ಕಳೆದ ಗಂಟೆಗಳು ಒಂದು ಖಾತೆ. ವೈದ್ಯರಿಲ್ಲದೆ ಪ್ರಾಣಿಗಳ ಜೊತೆ ಕಳೆದದ್ದು ಇನ್ನೊಂದು: ಕುದುರೆ ಲಾಯದ ಕೆಲಸ, ಬೀದಿನಾಯಿಗಳ ಆಶ್ರಯತಾಣದಲ್ಲಿ ಸೇವೆ, ಊರಿನ ತೋಟದಲ್ಲಿ ಕುರಿ ಮೇಯಿಸಿದ್ದು. ಮನೆಯ ಬೆಕ್ಕಿಗೆ ಊಟ ಹಾಕಿದ್ದನ್ನು ಬರೆಯಬೇಡಿ, ನಗುತ್ತಾರೆ. ಆ ಡೈರಿಯ ಬೆಳಗು ಮೊದಲ ಖಾತೆಗೆ ಸೇರುತ್ತದೆ. ಹುಡುಗಿ ಪ್ರತಿಸಲ ತಾರೀಕು, ಗಂಟೆ, ನೋಡಿದ ಕೇಸು ಬರೆದಿಟ್ಟುಕೊಳ್ಳುತ್ತಿದ್ದಳು. ಇದು ಒಳ್ಳೆಯ ಅಭ್ಯಾಸ. ನಾಲ್ಕು ವರ್ಷದ ಮೇಲೆ ನೆನಪಿನಿಂದ ಬರೆಯಲಾಗುವುದಿಲ್ಲ. ಶಿಫಾರಸು ಪತ್ರಗಳೂ ಬೇಕು, ಅದರಲ್ಲಿ ಒಂದಾದರೂ ಪಶುವೈದ್ಯರದು ಇರಬೇಕು ಅನ್ನುವ ಸ್ಕೂಲುಗಳೇ ಜಾಸ್ತಿ. ಹಾಗಾಗಿ ಕಾಲೇಜು ಆರಿಸುವಾಗ ಸುತ್ತಮುತ್ತ ಪ್ರಾಣಿ ಆಸ್ಪತ್ರೆ, ಡೈರಿ, ಮೃಗಾಲಯ ಏನೇನಿದೆ ಅಂತ ನಕ್ಷೆ ನೋಡುವುದು ರ‍್ಯಾಂಕಿಂಗ್ ನೋಡುವುದಕ್ಕಿಂತ ಉಪಯೋಗ.

ಇನ್ನು ದುಡ್ಡು. ನಮ್ಮವರು ಸಾಮಾನ್ಯವಾಗಿ ಹೆಸರಾಂತ ಕಾಲೇಜಿನ ಮೊದಲ ಡಿಗ್ರಿಗೇ ಉಳಿತಾಯವನ್ನೆಲ್ಲ ಸುರಿದುಬಿಡುತ್ತಾರೆ. ವೆಟ್ ಸ್ಕೂಲಿನ ದಾರಿಯಲ್ಲಿ ಇದು ಉಲ್ಟಾ ಆಗಬೇಕು. ನಿಜವಾದ ಖರ್ಚು ಬರುವುದು ಆಮೇಲಿನ ನಾಲ್ಕು ವರ್ಷದಲ್ಲಿ. ಫೀಸು, ಊಟ, ವಸತಿ ಎಲ್ಲ ಸೇರಿ ಆ ನಾಲ್ಕು ವರ್ಷಕ್ಕೆ 2 ಲಕ್ಷ ಡಾಲರ್ ದಾಟುವುದು ಮಾಮೂಲು. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಇಂಥ ವೃತ್ತಿ ಕೋರ್ಸುಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ಸೀಮಿತ. ಮೊದಲ ಡಿಗ್ರಿಯಲ್ಲಿ ಉಳಿಸಿದ ಒಂದೊಂದು ಡಾಲರೂ ಮುಂದೆ ಬೇಕಾಗುತ್ತದೆ. ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಅಥವಾ ಮೊದಲ ಎರಡು ವರ್ಷ ಫೀಸು ಕಡಿಮೆ ಇರುವ ಕಮ್ಯೂನಿಟಿ ಕಾಲೇಜು, ಎರಡೂ ಮರ್ಯಾದೆಯ ದಾರಿಗಳೇ.

ಇದರ ಜೊತೆ, ಎಚ್-1ಬಿ ಕೆಲಸದ ವೀಸಾದಲ್ಲಿರುವ ಕನ್ನಡದ ಕುಟುಂಬಗಳು ಗಮನಿಸಬೇಕಾದ ಒಂದು ಮಾತಿದೆ. ಅವರನ್ನು ಅವಲಂಬಿಸಿ ಎಚ್-4 ವೀಸಾದಲ್ಲಿರುವ ಮಗು 21 ತುಂಬಿದ ದಿನ ಆ ವೀಸಾದಿಂದ ಹೊರಗೆ ಬೀಳುತ್ತದೆ. ಅದು ಸರಿಯಾಗಿ ಮೊದಲ ಡಿಗ್ರಿಯ ನಡುವೆ ಬರುತ್ತದೆ. ಆಮೇಲೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಸರ್ಕಾರಿ ಸಾಲ ಸಿಗುವುದು ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಸರ್ಕಾರಿ ವೆಟ್ ಸ್ಕೂಲುಗಳು ತಮ್ಮ ರಾಜ್ಯದವರಿಗೆ ಹೆಚ್ಚು ಸೀಟು, ಕಡಿಮೆ ಫೀಸು ಇಟ್ಟಿರುತ್ತವೆ. ಬೇರೆ ದೇಶದವರನ್ನು ತಗೊಳ್ಳದ ಸ್ಕೂಲುಗಳೂ ಇವೆ. ಇದನ್ನು ಹದಿನೇಳನೇ ವಯಸ್ಸಿಗೇ ಮಗುವಿಗೆ ತಿಳಿಸಿ ಹೇಳಬೇಕು, ಇಪ್ಪತ್ತೊಂದಕ್ಕೆ ಅಲ್ಲ.

ಅಡ್ಡದಾರಿ ಇಲ್ಲವಾ ಅಂತ ಕೇಳುವವರಿಗೆ: ಇದೆ. ಹಲವು ವೆಟ್ ಸ್ಕೂಲುಗಳು ಪೂರ್ತಿ ಡಿಗ್ರಿ ಕೇಳುವುದಿಲ್ಲ, ಪಟ್ಟಿಯ ಪೇಪರ್‌ಗಳು ಮುಗಿದಿದ್ದರೆ ಮೂರನೇ ವರ್ಷದಲ್ಲೇ ಅರ್ಜಿ ಹಾಕಬಹುದು. ಕಾನ್ಸಸ್ ಸ್ಟೇಟ್, ಮಿಸಿಸಿಪಿ ಸ್ಟೇಟ್ ಥರದವರು ಶುರುವಿನಲ್ಲೇ ಜಾಣ ವಿದ್ಯಾರ್ಥಿಗಳನ್ನು ಆರಿಸಿ, ಷರತ್ತಿನ ಮೇಲೆ ಸೀಟು ಕಾದಿರಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿದ್ದಾರೆ. ಒಂದು ವರ್ಷ, ಒಂದಷ್ಟು ದುಡ್ಡು ಉಳಿಯುತ್ತದೆ. ಆದರೆ ವೆಟ್ ಸ್ಕೂಲನ್ನು ನಡುವೆ ಬಿಡಬೇಕಾಗಿ ಬಂದರೆ ಕೈಯಲ್ಲಿ ಒಂದು ಡಿಗ್ರಿಯೂ ಇರುವುದಿಲ್ಲ.

ಊರಿನಲ್ಲೇ ಬಿವಿಎಸ್ಸಿ ಮುಗಿಸಿ ಆಮೇಲೆ ಅಮೆರಿಕಕ್ಕೆ ಬರುವ ದಾರಿಯೂ ಇದೆ. ಹೊರದೇಶದ ಪದವಿ ಇಲ್ಲಿನದಕ್ಕೆ ಸಮ ಅಂತ ತೋರಿಸುವ ಇಸಿಎಫ್‌ವಿಜಿ ಅಥವಾ ಪೇವ್ ಅನ್ನುವ ಪ್ರಮಾಣಪತ್ರ ಪಡೆಯಬೇಕು, ಜೊತೆಗೆ ಇಲ್ಲಿಯವರೂ ಬರೆಯುವ ನೇವ್ಲಿ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಇಸಿಎಫ್‌ವಿಜಿಯಲ್ಲಿ ಲಿಖಿತ ಪರೀಕ್ಷೆ ಅಲ್ಲದೆ ಮೂರು ದಿನದ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅಲ್ಲಿ ಆಪರೇಷನ್, ಅರಿವಳಿಕೆ, ಕುದುರೆ, ದನ, ನಾಯಿ ಎಲ್ಲವನ್ನೂ ಕೈಯಾರೆ ಮಾಡಿ ತೋರಿಸಬೇಕು. ಖರ್ಚೂ ಇದೆ, ಕಾಯುವುದೂ ಇದೆ. ಅಜ್ಜಿಯ ಊರಿನ ಡಾಕ್ಟ್ರು ಅಮೆರಿಕದಲ್ಲಿ ಹಸು ಮುಟ್ಟಬೇಕಾದರೂ ಇದೇ ಬಾಗಿಲಿನಿಂದ ಬರಬೇಕು.

ಹುಡುಗಿ ಕೊನೆಗೆ ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅನಿಮಲ್ ಸೈನ್ಸ್ ಆರಿಸಿಕೊಂಡಳು. ಮೊನ್ನೆ ಮೊದಲ ಸೆಮಿಸ್ಟರಿನ ವೇಳಾಪಟ್ಟಿ ಕಳಿಸಿದ್ದಳು: ಜನರಲ್ ಕೆಮಿಸ್ಟ್ರಿ ಒಂದು, ಲ್ಯಾಬ್ ಸಮೇತ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಬಯಾಲಜಿ. ಇಂಗ್ಲಿಷ್. ಕ್ಯಾಲ್ಕ್ಯುಲಸ್. ಚನ್ನರಾಯಪಟ್ಟಣಕ್ಕೆ ಫೋನ್ ಹಚ್ಚಿ ಒಂದೊಂದಾಗಿ ಓದಿ ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಸರಿ, ಹಸು ಯಾವಾಗ ಬರುತ್ತೆ?" ಅಂದರಂತೆ.

ಎರಡನೇ ಸೆಮಿಸ್ಟರಿಗೆ.